ನಾಲ್ಕನೆಯ ಪ್ರೆಸ್ಸಿನ ಲಿಂಬೆಹಣ್ಣು

ಖಂಡೇನವಮಿಯ ಬೆಳಿಗ್ಗೆ ಕೋಥರೂಡ ಡಿಪೋದ ಹತ್ತಿರ ಕಂಪನಿಯ ಬಸ್ಸು ಹತ್ತಿದ ಮಾಂತು ಮೊದಲು ನೋಡಿದ್ದು ಡ್ರೈವರನ ಹಿಂದಿನ ಸೀಟನ್ನು. ಅದು ಖಾಲಿ ಇತ್ತು. ಖಾಲಿ ಇದೆಯೆಂದೇ ಅವನಿಗೆ ಸಿಟ್ಟು ಬಂತು. ಎರಡು ಸಾಲು ಹಿಂದೆ ಕಿಟಕಿಗೆ ಒರಗಿ ಕೂತಿದ್ದ ಮಿಥುನ ಕೈಯೆತ್ತಿ, "ಗುಡ್ ಮಾರ್ನಿಂಗ್ ಸರ್, ನಿಮ್ ಸೀಟ್ ಯಾರಿಗೂ ಕೊಟ್ಟಿಲ್ಲ ನೋಡಿ" ಎಂದು ನಕ್ಕ. ಇಷ್ಟು ವರ್ಷ ಯಾರೂ ಕಾಯದೆಯೇ ತನ್ನದಾಗಿದ್ದ ಸೀಟನ್ನು ಈಗ ಇವನು ಕಾಯ್ದಿಟ್ಟು ಕೊಡುತ್ತಿದ್ದಾನೆ, ಅದಕ್ಕೆ ತಾನು ಉಪಕಾರ ನೆನೆಯಬೇಕು. ಮಾಂತು ನೆನೆದ. "ಥ್ಯಾಂಕ್ಸ್ ರೀ ಸಾಹೇಬ್ರ" ಎಂದು ಕೂತ. ಆ 'ಸಾಹೇಬ್ರ' ಎಂಬುದರಲ್ಲಿ ತಾನು ಬೆರೆಸುವ ವಿಷ ಮಂಡ್ಯದ ಕಡೆಯ ಈ ಹುಡುಗನಿಗೆ ತಿಳಿಯುವುದೇ ಇಲ್ಲ, ಅವನು ಅದನ್ನು ಧಾರವಾಡದ ಕಡೆಯ ಮರ್ಯಾದೆಯೆಂದು ತಿಳಿದು ಖುಷಿಪಡುತ್ತಾನೆ; ಇದೂ ಮಾಂತುವಿಗೆ ಸಹಿಸದ ಸಂಗತಿ. ಚುಚ್ಚಿದರೆ ಚುಚ್ಚಿಸಿಕೊಳ್ಳಲೂ ಬಾರದವನ ಮೇಲೆ ಎಷ್ಟೆಂದು ಉರಿದುಕೊಳ್ಳುವುದು? ಆದರೂ ಉರಿಯುತ್ತಿತ್ತು. ಒಳ್ಳೆಯ ಮಾತುಗಳಲ್ಲಿ ಮುಚ್ಚಿಡುವುದೇಕೆ, ಅವನಿಗೆ ಮಿಥುನನ ಮೇಲೆ ಹೊಟ್ಟೆಕಿಚ್ಚಿತ್ತು: ಅವನ ವಯಸ್ಸಿನ ಮೇಲೆ, ಅವನ ಬಿಳಿಯ ಹೆಲ್ಮೆಟ್ಟಿನ ಮೇಲೆ, ಮರಾಠಿಯನ್ನು ತಪ್ಪುತಪ್ಪಾಗಿ ಮಾತಾಡಿಯೂ ಜನರನ್ನು ನಗಿಸುವ ಅವನ ಬಾಯಿಯ ಮೇಲೆ.

ತೊಡೆಯ ಮೇಲಿನ ಚೀಲದಲ್ಲಿ ಎರಡು ಡಬ್ಬಿಗಳಿದ್ದವು. ದೊಡ್ಡದು ತನ್ನದು, ಅದರಲ್ಲಿ ರೊಟ್ಟಿ, ಪುಂಡಿಪಲ್ಯ. ಸಣ್ಣದು ಮಿಥುನನದು, ಅದರಲ್ಲಿ ಹೋಳಿಗೆ. "ತುಪ್ಪ ಬ್ಯಾರೆ ಇಟ್ಟೀನಿ, ಅಡ್ಡ ಹಿಡಿಬ್ಯಾಡ್ರಿ, ಚೆಲ್ಲತದ" ಎಂದು ಶೈಲಾ ಬಾಗಿಲಲ್ಲಿ ನಿಂತು ಹೇಳಿದ್ದಳು. "ನನಗೊಂದು?" ಎಂದು ಇವನು ಕೇಳಿದ್ದಕ್ಕೆ, "ನಿಮಗ ಶುಗರ್ ಅದ ಅಲ್ರೀ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಬ್ಬದ ದಿನ ಗಂಡನ ಕೈಯಲ್ಲೇ ಇನ್ನೊಬ್ಬನ ಹೋಳಿಗೆ ಕಳಿಸುವಾಗ ಅವಳ ಮುಖದಲ್ಲಿ ಒಂದಿಷ್ಟಾದರೂ ಸಂಕೋಚ ಕಾಣಬಹುದಿತ್ತು, ಅಷ್ಟೇ. ಅವನನ್ನು ಮನೆಗೆ ಕರೆದವನು ತಾನೇ. ದೊಡ್ಡ ಸಾಹೇಬರ ಮುಂದೆ, ನಮ್ಮ ಕಡೆಯ ಹುಡುಗ, ಚಲೋ ಇದ್ದಾನೆ, ತಗೊಳ್ಳಿ ಎಂದವನೂ ತಾನೇ. ತನ್ನ ಕೈಕೆಳಗೆ ಬರುತ್ತಾನೆ, ಕನ್ನಡ ಮಾತಾಡಲು ಒಬ್ಬ ಸಿಗುತ್ತಾನೆ, ಸಂಜೆಯ ಬಸ್ಸಿನಲ್ಲಿ ಹೊತ್ತು ಹೋಗುತ್ತದೆ ಎಂದುಕೊಂಡಿದ್ದ. ಆರ್ಡರ್ ಬಂದಾಗ ನೋಡಿದರೆ ಸೇಫ್ಟಿ ಮ್ಯಾನೇಜರ್ ಎಂದಿತ್ತು. ಮಾಂತು ಸೇಫ್ಟಿ ಆಫೀಸರ್ ಆಗಿಯೇ ಉಳಿದ. ಅಲ್ಲಿಯವರೆಗೆ 'ತಮ್ಮಾ' ಎನ್ನುತ್ತಿದ್ದವನು ಅವತ್ತಿನಿಂದ 'ಸಾಹೇಬ್ರ' ಎನ್ನತೊಡಗಿದ. ಆ ಮೇಲೂ ಒಂದು ರವಿವಾರ ಮಿಥುನ ಊಟಕ್ಕೆ ಬಂದಿದ್ದ. ರಂಜಕದ ಖಾರ ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು, "ಆಂಟಿ, ಇದು ಸಿವಿಯಾರಿಟಿ ಫೈವ್, ರೆಡ್ ಝೋನ್" ಅಂದಾಗ ಶೈಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ಮಾಂತು, ಸ್ಟೂಲಿನ ಮೇಲೆ ಹತ್ತಬೇಡ, ಗ್ಯಾಸಿನ ನಳಿಗೆ ನೋಡು, ಒದ್ದೆ ಕೈಲಿ ಸ್ವಿಚ್ ಮುಟ್ಟಬೇಡ ಎಂದು ಹೇಳುತ್ತ ಬಂದಿದ್ದಾನೆ. "ಸಾಕ್ರೀ, ನಿಮ್ಮ ಕಾರ್ಖಾನಿ ಮನಿಗೆ ತರಬ್ಯಾಡ್ರಿ" ಎಂಬುದೊಂದೇ ಅವನಿಗೆ ಸಿಕ್ಕ ಉತ್ತರ. ಅದೇ ಮಾತು ಮಿಥುನನ ಬಾಯಲ್ಲಿ ನಗೆಯಾಯಿತು.

ಬಸ್ಸು ನಾಶಿಕ್ ಫಾಟಾ ದಾಟುವಾಗ ಟ್ರಕ್ಕುಗಳ ಮೂತಿಗೆ ಝೇಂಡು ಹೂವಿನ, ಅಂದರೆ ಚೆಂಡುಹೂವಿನ, ಹಾರಗಳು ಕಂಡವು. ಒಂದು ಟ್ರಕ್ಕಿನ ಹಾರ ಕನ್ನಡಿಯನ್ನು ಮುಚ್ಚಿತ್ತು. ಮಾಂತುವಿನ ಮನಸ್ಸು ತನಗೆ ತಾನೇ ಲೆಕ್ಕ ಹಾಕಿತು: ಆಗುವ ಸಾಧ್ಯತೆ ಮೂರು, ಆದರೆ ಹಾನಿ ಐದು, ಗುಣಿಸಿದರೆ ಹದಿನೈದು, ಕೆಂಪು. ಈ ಗುಣಾಕಾರ ಮಿಥುನ ತಂದದ್ದು. ಕಾರ್ಖಾನೆಯಲ್ಲಿ ಇರುವ ಪ್ರತಿಯೊಂದು ಅಪಾಯಕ್ಕೂ ಎರಡು ಅಂಕ ಕೊಟ್ಟು ಗುಣಿಸುವುದು. ಹಸಿರು ಬಂದರೆ ಬಿಡುವುದು, ಹಳದಿಯಾದರೆ ಕಣ್ಣಿಡುವುದು, ಕೆಂಪಾದರೆ ಕೆಲಸ ನಿಲ್ಲಿಸುವುದು. ಹೊಸದೇನಲ್ಲ, ಮಾಂತು ಸರ್ಟಿಫಿಕೇಟಿಗೆ ಓದುವಾಗಲೂ ಅದು ಇತ್ತು. ಆದರೆ ಅವನದು ಕೊರಳಲ್ಲೊಂದು ಸೀಟಿ ಹಾಕಿಕೊಂಡು ಮಷಿನ್ನುಗಳ ನಡುವೆ ತಿರುಗುವ ಪದ್ಧತಿ. ಎಲ್ಲಿ ಕೈಗವಸಿಲ್ಲವೋ ಅಲ್ಲಿ ಸೀಟಿ, ಎಲ್ಲಿ ನೆಲದ ಮೇಲೆ ಎಣ್ಣೆಯೋ ಅಲ್ಲಿ ಸೀಟಿ. ಹಿಂದಿನಿಂದ ಹುಡುಗರು ಅವನಿಗೆ 'ಪಿಪಾಣಿ ಸಾಹೇಬ' ಎನ್ನುತ್ತಿದ್ದರು, ಜಾತ್ರೆಯ ತುತ್ತೂರಿಯ ಹೆಸರು. ಅವನು ಕೇಳಿಸದವನಂತೆ ಇರುತ್ತಿದ್ದ. ಮಿಥುನ ಬಂದ ತಿಂಗಳೊಪ್ಪತ್ತಿನಲ್ಲಿ ಸೀಟಿ ಹೋಯಿತು. "ಸರ್, ಸೀಟಿ ಊದಿದ್ರೆ ಆಪರೇಟರ್ ತಿರುಗಿ ನೋಡ್ತಾನೆ, ಅದೇ ಒಂದು ಹಜಾರ್ಡ್ ಅಲ್ವಾ?" ಎಂದು ಕೇಳಿದ, ಅದೂ ಎಷ್ಟು ಮೆತ್ತಗೆ. ಮಾಂತು ಸೀಟಿ ತೆಗೆದು ಜೇಬಿಗೆ ಹಾಕಿಕೊಂಡ. ಅದು ಸರಿಯಾದ ಮಾತೆಂದು ಅವನಿಗೆ ಆ ಕ್ಷಣವೇ ಹೊಳೆದಿತ್ತು. ಇಷ್ಟು ವರ್ಷ ತನಗೇಕೆ ಹೊಳೆಯಲಿಲ್ಲ ಎಂಬುದೇ ಅವನನ್ನು ರಾತ್ರಿಯೆಲ್ಲ ಮಲಗಗೊಡಲಿಲ್ಲ.

ಆದರೆ ಒಂದು ಅವನದಾಗಿ ಉಳಿದಿತ್ತು, ಲಿಂಬೆಹಣ್ಣು. ಚಾಕಣದ ಆ ಕಾರ್ಖಾನೆಯಲ್ಲಿ ಕಾರಿನ ಬಾಗಿಲುಗಳ ಕೀಲುಗಳನ್ನು ಒತ್ತುವ ಪ್ರೆಸ್ಸುಗಳಿವೆ, ಅವುಗಳಲ್ಲಿ ನಾಲ್ಕನೆಯದು ಎಲ್ಲಕ್ಕೂ ಹಳೆಯದು, ದೊಡ್ಡದು. ಖಂಡೇನವಮಿಯ ದಿನ ಆಯುಧಪೂಜೆ ಅದಕ್ಕೇ. ಕೆಳಗಿನ ಅಚ್ಚಿನ ಮೇಲೆ ಒಂದು ಲಿಂಬೆಹಣ್ಣು ಇಡುತ್ತಾರೆ, ಮುಹೂರ್ತಕ್ಕೆ ಸರಿಯಾಗಿ ಮೇಲಿನ ಅಚ್ಚು ಇಳಿದು ಅದನ್ನು ಅಪ್ಪಚ್ಚಿ ಮಾಡುತ್ತದೆ, ಆ ವರ್ಷದ ಕೇಡೆಲ್ಲ ಅದರೊಳಗೆ ಹೋಯಿತೆಂದು ಜನ ಚಪ್ಪಾಳೆ ತಟ್ಟುತ್ತಾರೆ. ಪೂಜೆಯ ಹೊತ್ತಿಗೆ ಮಷಿನ್ನು ಸತ್ತಂತೆ ಬಿದ್ದಿರಬಾರದು, ಎಚ್ಚರವಿರಬೇಕು ಎಂಬುದು ಅಲ್ಲಿಯ ಪದ್ಧತಿ, ಹಾಗಾಗಿ ಮೋಟರು ತಿರುಗುತ್ತಲೇ ಇರುತ್ತದೆ. ಕೈ ಅಡ್ಡ ಬಂದರೆ ಪ್ರೆಸ್ಸನ್ನು ತಡೆಯುವ ಬೆಳಕಿನ ಸೆನ್ಸರೊಂದಿದೆ. ಹೂವಿನ ಹಾರ ಅದಕ್ಕೆ ಅಡ್ಡ ಬಂದು ಪ್ರೆಸ್ಸು ಇಳಿಯುವುದೇ ಇಲ್ಲವೆಂದು ಅವತ್ತು ಅದನ್ನೂ ಚಾವಿ ತಿರುವಿ ಕುರುಡು ಮಾಡುತ್ತಾರೆ. ಅಂಥ ಬಾಯೊಳಗೆ ಬರಿಗೈ ಹಾಕಿ ಹಣ್ಣು ಇಡುವ ಮಾನ ವರ್ಷವರ್ಷವೂ ಸೇಫ್ಟಿ ಆಫೀಸರನದು. ಅದು ಎಷ್ಟು ಹುಚ್ಚು ಕೆಲಸವೆಂದು ಮಾಂತುವಿಗೆ ಗೊತ್ತಿರಲಿಲ್ಲವೆಂದಲ್ಲ. ಪೂಜೆಗೆ ಮುಂಚೆ ಯಾರೂ ನೋಡದ ಹಾಗೆ ಬಾಳೆಯ ಕಂಬಗಳ ಹಿಂದಿನಿಂದ ಹೋಗಿ, ಎರಡು ಅಚ್ಚುಗಳ ನಡುವೆ ಹಳದಿ ಬಣ್ಣದ ಕಬ್ಬಿಣದ ಬ್ಲಾಕ್ ನಿಲ್ಲಿಸಿ ಬರುತ್ತಿದ್ದ. ಅದು ಇರುವ ತನಕ ಮೇಲಿನ ಅಚ್ಚು ಏನು ಮಾಡಿದರೂ ಕೈಯ ಮೇಲೆ ಬರುವಂತಿಲ್ಲ. ಹಣ್ಣಿಟ್ಟು ಹಿಂದೆ ಸರಿಯುವಾಗ ಹಾರಗಳ ಮರೆಯಲ್ಲೇ ಅದನ್ನು ತಾನೇ ತೆಗೆದು ಬದಿಗಿಡುತ್ತಿದ್ದ. ಜನರ ಕಣ್ಣಿಗೆ ಕಾಣುತ್ತಿದ್ದದ್ದು ಹೂವಿನೊಳಗೆ ಧೈರ್ಯವಾಗಿ ಹೋಗುವ ಕೈ ಮಾತ್ರ. ತಾನು ಬರೆದ ಅಪಾಯಗಳ ಯಾವ ಪಟ್ಟಿಯಲ್ಲೂ ಅವನು ಲಿಂಬೆಹಣ್ಣನ್ನು ಸೇರಿಸಲಿಲ್ಲ. ಸೇರಿಸಿದ್ದರೆ ಲಿಂಬೆಹಣ್ಣೇ ನಿಂತುಹೋಗುತ್ತಿತ್ತು. ವರ್ಷಕ್ಕೊಮ್ಮೆ ಪಿಪಾಣಿ ಸಾಹೇಬನಿಗೆ ಚಪ್ಪಾಳೆ ಬೀಳುತ್ತಿದ್ದದ್ದು ಅದೊಂದಕ್ಕೇ.

ಹೋದ ವಾರದ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ಚಹಾ ಕುಡಿಯುತ್ತ, "ಯಂದಾ ಲಿಂಬೂ ಮಿಥುನ್ ಠೇವಣಾರ್" ಎಂದುಬಿಟ್ಟರು. ಈ ವರ್ಷ ಹಣ್ಣು ಇಡುವವನು ಮಿಥುನ. ಅಷ್ಟು ಸಲೀಸಾಗಿ. ಎಲ್ಲರೂ ಮೇಜು ತಟ್ಟಿದರು, ಮಾಂತುವೂ ತಟ್ಟಿದ, ಎಲ್ಲರಿಗಿಂತ ಒಂದು ಸಲ ಹೆಚ್ಚೇ ತಟ್ಟಿದನೋ ಏನೋ. ಅದಾದ ಮೇಲೆ, ನಿನ್ನೆ ಸಂಜೆ ಬಸ್ಸಿನಲ್ಲಿ ಮಿಥುನ ಪಕ್ಕಕ್ಕೆ ಬಂದು ಕೂತು ದನಿ ತಗ್ಗಿಸಿದ್ದ. "ಸರ್, ಮೋಟರ್ ಆನ್ ಇರತ್ತೆ, ಸೆನ್ಸರ್ ಬೈಪಾಸ್ ಮಾಡ್ತಾರೆ ಅಂತ ಆಪರೇಟರ್ ಹರಿಶ್ಚಂದ್ರ ಹೇಳ್ದ. ನಂಗೆ ಒಂಚೂರು ಭಯ ಆಗ್ತಿದೆ. ಬ್ಲಾಕ್ ಇರತ್ತೆ ತಾನೆ?"

"ಪ್ರತಿ ವರ್ಷ ಇರತದಲ್ರೀ" ಎಂದಿದ್ದ ಮಾಂತು.

"ಹಾಗಾದ್ರೆ ಓಕೆ ಸರ್. ನೀವು ಹೇಳಿದ್ರೆ ಮುಗೀತು."

ಅವನು ಸುಳ್ಳು ಹೇಳಿರಲಿಲ್ಲ. ಪ್ರತಿ ವರ್ಷ ಇರುತ್ತಿತ್ತು. ಹೇಗೆ ಇರುತ್ತಿತ್ತು, ಯಾರು ಇಡುತ್ತಿದ್ದರು, ಯಾರು ತೆಗೆಯುತ್ತಿದ್ದರು ಎಂದು ಮಿಥುನ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಮಾಂತು ರಾತ್ರಿ ಊಟ ಮಾಡುವಾಗ ತನಗೆ ತಾನೇ ವಾದಿಸಿಕೊಂಡ. ಕೆಲಸಗಳ ಹೊಸ ಹಂಚಿಕೆಯಲ್ಲಿ ಪೂಜೆಯ ದಿನದ ಜವಾಬ್ದಾರಿಯ ಮುಂದೆ ಇದ್ದದ್ದು ಮಿಥುನನ ಹೆಸರು. ಬ್ಲಾಕ್ ಹಾಕು ಎಂದು ತನಗೆ ಯಾರೂ ಹೇಳಿಲ್ಲ. ಹಾಕಬೇಡವೆಂದೂ ಹೇಳಿಲ್ಲವಲ್ಲ ಎಂದು ಇನ್ನೊಂದು ದನಿ ಅಂದಿತು, ಅದಕ್ಕೆ ಅವನು ಇನ್ನೊಂದು ರೊಟ್ಟಿ ಮುರಿದ.

ಕಾರ್ಖಾನೆಯ ಒಳಗೆ ಎಣ್ಣೆಯ ವಾಸನೆಯ ಮೇಲೆ ಊದಿನಕಡ್ಡಿಯ ವಾಸನೆ ಕೂತಿತ್ತು. ಕಸ ಗುಡಿಸುವ ರಂಗೂಬಾಯಿ ಪ್ರೆಸ್ಸಿನ ಮುಂದೆ ರಂಗೋಲಿ ಬಿಡಿಸುತ್ತಿದ್ದಳು, ನಾಲ್ಕನೆಯ ಪ್ರೆಸ್ಸಿನ ಆಪರೇಟರ್ ಹರಿಶ್ಚಂದ್ರ ಹಾರ ಕಟ್ಟುತ್ತಿದ್ದ. ಅವನ ಎಡಗೈಯಲ್ಲಿ ಎರಡು ಬೆರಳಿಲ್ಲ, ಇಲ್ಲಿಗೆ ಬರುವ ಮೊದಲೇ ಬೇರೊಂದು ಕಡೆ ಕಳೆದುಕೊಂಡದ್ದು. ದಾರ ಗಂಟು ಹಾಕುವಾಗ ಅವನು ಹಲ್ಲಿನ ಸಹಾಯ ಪಡೆಯುತ್ತಿದ್ದ. ಮಾಂತು ಸುಮ್ಮನೆ ಒಂದು ಸುತ್ತು ಹಾಕಿ ಬರುವವನಂತೆ ಪ್ರೆಸ್ಸಿನ ಹಿಂದೆ ಹೋದ. ಬಾಳೆಯ ಕಂಬದ ಮರೆಯಲ್ಲಿ, ಗೋಡೆಗೆ ತಾಗಿ, ಹಳದಿ ಬ್ಲಾಕ್ ನಿಂತಿತ್ತು. ಅದರ ಹಿಡಿಕೆ ಅವನ ಕೈಗೆ ಎಷ್ಟು ಪರಿಚಯವೆಂದರೆ ಕೈ ತಾನಾಗಿಯೇ ಅತ್ತ ಹೋಯಿತು. ಅಷ್ಟರಲ್ಲಿ ಆ ಕಡೆಯಿಂದ ಮಿಥುನನ ನಗೆ ಕೇಳಿಸಿತು. ಅವನು ರಂಗೂಬಾಯಿಗೆ ಏನೋ ಮರಾಠಿಯಲ್ಲಿ ಹೇಳಿದ್ದ, ಅದು ತಪ್ಪಾಗಿತ್ತು, ಅವಳು ನಗುತ್ತ ತಿದ್ದುತ್ತಿದ್ದಳು. ಮಾಂತುವಿನ ಮರಾಠಿಯಲ್ಲಿ ಒಂದು ತಪ್ಪೂ ಇಲ್ಲ, ಇಷ್ಟು ವರ್ಷಗಳಲ್ಲಿ ರಂಗೂಬಾಯಿ ಅವನ ಹತ್ತಿರ ನಕ್ಕದ್ದೂ ಇಲ್ಲ. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿದ. ಲೆಕ್ಕ ಮಾಡಿದ. ನಾಲ್ಕನೆಯ ಪ್ರೆಸ್ಸು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಾನಾಗಿ ಇಳಿದಿಲ್ಲ. ಸಾಧ್ಯತೆ ಒಂದು. ಹಾನಿ ಐದು. ಗುಣಿಸಿದರೆ ಐದೇ. ಮಿಥುನನ ಲೆಕ್ಕದಲ್ಲಿ ಐದೆಂದರೆ ಹಸಿರು. ನಿನ್ನ ಲೆಕ್ಕವೇ, ನಿನ್ನ ಬಣ್ಣವೇ, ಎಂದು ಮನಸ್ಸಿನಲ್ಲಿ ಅಂದುಕೊಂಡು ಅವನು ಬ್ಲಾಕನ್ನು ಅಲ್ಲೇ ಬಿಟ್ಟು ಮುಂದೆ ಬಂದು ಜನರ ನಡುವೆ ನಿಂತ. ತನಗೆ ಆ ಹುಡುಗನ ಕೈ ಹೋಗಬೇಕೆಂದಿರಲಿಲ್ಲ, ದೇವರಾಣೆಗೂ ಇರಲಿಲ್ಲ. ತಾನಿಲ್ಲದೆ ಏನೋ ಒಂದು ಕೊರತೆಯಾಗಿದೆ ಎಂಬುದು ಈ ಜಗತ್ತಿನಲ್ಲಿ ಒಂದು ಕಡೆಯಾದರೂ ಇರಬೇಕು, ಅಷ್ಟೇ ಬೇಕಿತ್ತು.

ಮೋಟರು ಗುಂಯ್ ಎನ್ನುತ್ತಿತ್ತು. ಆರತಿಯಾಯಿತು, ಹರಿಶ್ಚಂದ್ರ ಚಾವಿ ತಿರುವಿದ, ದೊಡ್ಡ ಸಾಹೇಬರು ಗಡಿಯಾರ ನೋಡಿ ತಲೆಯಾಡಿಸಿದರು. ಮಿಥುನ ಬೂಟು ಬಿಚ್ಚಿ ಬರಿಗಾಲಲ್ಲಿ ಮುಂದೆ ಬಂದ. ಬಂದವನು ಒಮ್ಮೆ ತಿರುಗಿ ಜನರಲ್ಲಿ ಮಾಂತುವನ್ನು ಹುಡುಕಿ, ಹುಬ್ಬು ಹಾರಿಸಿ, ಎಲ್ಲ ಸರಿ ತಾನೆ ಎಂಬಂತೆ ನೋಡಿದ. ಅಷ್ಟು ಮಂದಿಯಲ್ಲಿ ಅವನಿಗೆ ಬೇಕಾದದ್ದು ಈ ಒಂದು ಮುಖ. ಮಾಂತು ತಲೆಯಾಡಿಸಿದ. ಆಡಿಸಿದ್ದು ತನಗೇ ಕಂಡಿತು. ಮಿಥುನನ ಬಲಗೈ ಝೇಂಡು ಹೂಗಳನ್ನು ಸರಿಸಿಕೊಂಡು ಒಳಗೆ ಹೋಯಿತು. ಉದ್ದನೆಯ ಬೆರಳುಗಳು, ಉಗುರುಗಳನ್ನು ಹತ್ತಿರಕ್ಕೆ ಕತ್ತರಿಸಿಕೊಂಡಿದ್ದ, ಮಣಿಕಟ್ಟಿನಲ್ಲಿ ಅವನ ತಾಯಿ ಕಾಮಾಕ್ಷಮ್ಮ ಊರಿಂದ ಕಳಿಸಿದ ಕೆಂಪು ದಾರ. ಇದೇ ಕೈ ತನ್ನ ಮನೆಯ ತಾಟಿನಲ್ಲಿ ರೊಟ್ಟಿ ಮುರಿಯಲು ಬಾರದೆ ಪರದಾಡಿತ್ತು, ಶೈಲಾ ಮುರಿದು ಕೊಟ್ಟಿದ್ದಳು. ಹಣ್ಣು ನಿಲ್ಲಲಿಲ್ಲ, ಉರುಳಿತು. ಮಿಥುನ ಇನ್ನೂ ಬಗ್ಗಿ ಮೊಳಕೈಯ ತನಕ ಕೈ ಹಾಕಿ ಅದನ್ನು ಹಿಡಿದು ಮತ್ತೆ ನಿಲ್ಲಿಸತೊಡಗಿದ. ಮಾಂತುವಿನ ಕೈ ಕೊರಳಿಗೆ ಹೋಗಿ ಸೀಟಿ ಹುಡುಕಿತು. ಸೀಟಿ ಇರಲಿಲ್ಲ. ಬಾಯಿತ್ತಲ್ಲ, ಕೂಗಬಹುದಿತ್ತಲ್ಲ? ಕೂಗಿದರೆ ತಿರುಗಿ ನೋಡುತ್ತಾನೆ, ಅದೇ ಅಪಾಯ, ಎಂದು ಮಾಂತುವಿಗೆ ಮಿಥುನನದೇ ಮಾತು ಸಿಕ್ಕಿತು. ಸಿಕ್ಕಿದ್ದಕ್ಕೆ ನೆಮ್ಮದಿಯೂ ಆಯಿತು; ಆ ನೆಮ್ಮದಿಯನ್ನು ಅವನು ಮುಂದೆ ಎಂದಿಗೂ ತನಗೆ ಕ್ಷಮಿಸಲಾರ. ಐದು. ಹಸಿರು. ಐದು. ಕೆಳಗಿನ ಅಚ್ಚು ಕಾಣುವ ಕಡೆಯಲ್ಲೆಲ್ಲ ಆ ಕೈಯೇ ಕಾಣುತ್ತಿತ್ತು.

ಕೈ ಹೊರಗೆ ಬಂತು. ಹರಿಶ್ಚಂದ್ರ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದ, ನೆಲ ಒಮ್ಮೆ ನಡುಗಿತು, ಹುಳಿಯ ವಾಸನೆ ಎದ್ದಿತು. ಚಪ್ಪಾಳೆಯೋ ಚಪ್ಪಾಳೆ. ಮಾಂತುವಿಗೆ ಮೊದಲು ಆದದ್ದು ಸಮಾಧಾನ. ಅದರ ಬೆನ್ನಿಗೇ ಮತ್ತೊಂದು ಬಂತು, ಬಲು ಸಣ್ಣದು: ಏನೂ ಆಗಲಿಲ್ಲ, ಅಂದರೆ ತಾನು ಬೇಕಾಗಿರಲೇ ಇಲ್ಲ. ಬ್ಲಾಕಿಲ್ಲದೆಯೂ ಆಯಿತು. ತಾನು ಕದ್ದು ಮುಚ್ಚಿ ಮಾಡುತ್ತಿದ್ದ ಅಷ್ಟೂ ವರ್ಷಗಳ ಜಾಗರೂಕತೆಗೆ ಅರ್ಥವೇ ಇರಲಿಲ್ಲ. ಹೊಟ್ಟೆಯೊಳಗಿನ ಕಿಚ್ಚು ನಾಚಿಕೆಗೆಟ್ಟು ಮತ್ತೆ ಹತ್ತಿಕೊಂಡಿತು. ಹರಿಶ್ಚಂದ್ರ ಅಚ್ಚಿನ ಮೇಲಿನ ರಸವನ್ನು ಬಟ್ಟೆಯಿಂದ ಒರೆಸುತ್ತಿದ್ದ. ಆಗ ಮಿಥುನ ಕಿಸೆಯಿಂದ ಇನ್ನೊಂದು ಲಿಂಬೆಹಣ್ಣು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ತನ್ನ ಮುರುಕು ಮರಾಠಿಯಲ್ಲಿ, ಇದು ಮಾಂತು ಸರ್ ಹಕ್ಕು, ನಾನು ಕಿತ್ತುಕೊಳ್ಳುವುದಿಲ್ಲ, ದೊಡ್ಡ ಸಾಹೇಬರನ್ನು ಕೇಳಿಕೊಂಡಿದ್ದೇನೆ, ಈ ವರ್ಷ ಎರಡು ಹಣ್ಣು ಎಂದ. ಜನರಿಗೆ ಅದು ಹಿಡಿಸಿತು. ಯಾರೋ "ಪಿಪಾಣಿ ಸಾಹೇಬ!" ಎಂದು ಕೂಗಿದರು, ಇವತ್ತು ಅದರಲ್ಲಿ ಅಣಕ ಇರಲಿಲ್ಲ. ಹಿಂದಿನಿಂದ ಕೈಗಳು ಅವನನ್ನು ಮುಂದಕ್ಕೆ ದೂಡಿದವು. ಲಿಂಬೆಹಣ್ಣು ಅವನ ಅಂಗೈಗೆ ಬಂತು. ಅದು ಮಿಥುನನ ಕಿಸೆಯಲ್ಲಿದ್ದು ಬೆಚ್ಚಗಾಗಿತ್ತು.

ಮಾಂತು ಹೂವಿನ ಮುಂದೆ ನಿಂತ. ಮೋಟರಿನ ಗುಂಯ್ ಈಗ ಹಲ್ಲಿನೊಳಗೆ ಕೇಳಿಸುತ್ತಿತ್ತು. ಎತ್ತಿದ ಕೈ ಹೂವಿನ ತನಕ ಹೋಯಿತು, ಮುಂದೆ ಹೋಗಲಿಲ್ಲ. ಸಾಧ್ಯತೆ ಒಂದು, ಹಾನಿ ಐದು, ಎಂದು ಹೇಳಿಕೊಂಡ. ಸಾಧ್ಯತೆ ಒಂದು. ಇದೀಗ ಒಬ್ಬನ ಕೈ ಹೋಗಿ ಬಂದ ಜಾಗ. ಅದೇ ಹಸಿರು ಐದು ಅವನ ಬೆರಳುಗಳ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಅವನು ಮತ್ತೊಮ್ಮೆ ಯತ್ನಿಸಿದ, ಹೂವು ಮುಟ್ಟಿದ, ಕೈ ತಾನಾಗಿ ಹಿಂದಕ್ಕೆ ಬಂತು.

"ಠೇವಾ ನಾ, ಸಾಹೇಬ" ಎಂದ ಹರಿಶ್ಚಂದ್ರ. ಇಡಿ ಎನ್ನುತ್ತಿದ್ದ. "ಕಾಯ ಝಾಲ?"

ಏನಾಯಿತೆಂದು ಹೇಗೆ ಹೇಳುವುದು? ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ಯಾರಿಗೂ ಎಂದಿಗೂ ಏನೂ ತಿಳಿಯುತ್ತಿರಲಿಲ್ಲ. ಮಿಥುನ ಹತ್ತಿರ ಬಂದು ಭುಜ ಮುಟ್ಟಿ, "ಸರ್, ಹುಷಾರಿದೀರಾ? ಶುಗರ್ ಏನಾದ್ರೂ..." ಎಂದ. ಅವನ ದನಿಯಲ್ಲಿದ್ದದ್ದು ನಿಜವಾದ ಕಾಳಜಿ. ಮಾಂತು ಅವನ ಕಡೆ ನೋಡದೆ, ಕನ್ನಡದಲ್ಲಿ, ಅವನೊಬ್ಬನಿಗೇ ಕೇಳಿಸುವಂತೆ ಅಂದ:

"ಮೊದಲ ಬ್ಲಾಕ್ ಹಾಕ್ರಿ."

"ಇದೆಯಲ್ಲ ಸರ್" ಎಂದು ಮಿಥುನ ನಕ್ಕ. "ನೀವೇ ಹೇಳಿದ್ರಿ..."

ಹೇಳುತ್ತ ಹೇಳುತ್ತ ಅವನು ಬಗ್ಗಿ, ಬದಿಯ ಹಾರವನ್ನು ಎತ್ತಿ ಒಳಗೆ ನೋಡಿದ. ಹಿರಿಯರು ಇದೆ ಎಂದಮೇಲೆ ಬಗ್ಗಿ ನೋಡುವುದು ಅವರಿಗೆ ಅವಮಾನ ಮಾಡಿದಂತೆ ಎಂದೇ ಅವನು ಮೊದಲು ನೋಡಿರಲಿಲ್ಲ; ತನ್ನ ಕೈ ಹೊರಬಂದ ಮೇಲೆ ಹಿಂದಿನಿಂದ ಯಾರೋ ಬ್ಲಾಕ್ ತೆಗೆದರು, ಈಗ ಮತ್ತೆ ಇಟ್ಟಿದ್ದಾರೆ ಎಂದು ತಿಳಿದಿದ್ದ. ಒಳಗೆ ಬ್ಲಾಕ್ ಇರಲಿಲ್ಲ; ಅಚ್ಚುಗಳ ಆಚೆ, ಬಾಳೆಯ ಕಂಬದ ಹಿಂದೆ, ಅದು ಗೋಡೆಗೆ ತಾಗಿ ನಿಂತದ್ದು ಅವನಿಗೆ ಕಂಡಿತು. ಎದ್ದಾಗ ಮುಖದ ಮೇಲೆ ನಗೆ ಇನ್ನೂ ಅರ್ಧ ಉಳಿದಿತ್ತು, ಅದನ್ನು ತೆಗೆಯಲು ಮರೆತಿದ್ದ. ತನ್ನ ಬಲಗೈಯನ್ನು ನೋಡಿಕೊಂಡ. ಅಂಗೈಗೆ ಅರಿಶಿನ ಹತ್ತಿತ್ತು. ಆಮೇಲೆ ಮಾಂತುವಿನ ಮುಖ ನೋಡಿದ, ಆಮೇಲೆ ಅವನ ಅಂಗೈಯಲ್ಲಿದ್ದ ಹಣ್ಣು. ಯಾವುದರ ನಂತರ ಯಾವುದು ಆಯಿತೆಂದು ಅವನು ಒಂದೊಂದಾಗಿ ಜೋಡಿಸಿಕೊಳ್ಳುವುದು ಮಾಂತುವಿಗೆ ಕಣ್ಣಾರೆ ಕಂಡಿತು: ಬಸ್ಸಿನ ಮಾತು, ಆಡಿಸಿದ ತಲೆ, ತನ್ನ ಕೈ ಒಳಗಿದ್ದಷ್ಟು ಹೊತ್ತಿನ ಮೌನ, ಈಗಿನ ಈ ಭಯ. ಬೈಯುತ್ತಾನೆ ಎಂದು ಮಾಂತು ಕಾದ. ಎಲ್ಲರ ಮುಂದೆ ಮರಾಠಿಯಲ್ಲಿ ಕೂಗಿ ಹೇಳುತ್ತಾನೆ ಎಂದು ಕಾದ, ಹೇಳಲಿ ಎಂದು ಬೇಡಿಕೊಂಡ.

ಮಿಥುನ ಹರಿಶ್ಚಂದ್ರನನ್ನು ಬದಿಗೆ ಸರಿಸಿ ಕೆಂಪು ಗುಂಡಿ ಒತ್ತಿದ. ಮೋಟರು ನಿಂತಿತು. ಪೂಜೆಯ ದಿನ ಮಷಿನ್ನು ನಿಂತದ್ದನ್ನು ಯಾರೂ ಕಂಡಿರಲಿಲ್ಲ; ಜನರ ಗುಜುಗುಜು ಎದ್ದಿತು, ದೊಡ್ಡ ಸಾಹೇಬರು ಗಡಿಯಾರ ನೋಡಿದರು. ಪ್ರೆಸ್ಸಿನ ದೊಡ್ಡ ಚಕ್ರ ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ಪೂರ್ತಿ ನಿಲ್ಲುವ ತನಕ ಅವನು ಅದನ್ನೇ ನೋಡುತ್ತ ನಿಂತ. ಬಾಳೆಯ ಕಂಬದ ಹಿಂದೆ ಹೋಗಿ ಹಳದಿ ಬ್ಲಾಕನ್ನು ಹೊತ್ತು ತಂದು ಎರಡು ಅಚ್ಚುಗಳ ನಡುವೆ ನಿಲ್ಲಿಸಿದ. ಅಲ್ಲಾಡಿಸಿ ನೋಡಿದ. ಸಮಾಧಾನವಾಗದೆ ಮತ್ತೊಮ್ಮೆ ಅಲ್ಲಾಡಿಸಿ ನೋಡಿದ, ತನ್ನ ಮನೆಯವರ ಕೈಗಾದರೆ ಹೇಗೆ ನೋಡುತ್ತಿದ್ದನೋ ಹಾಗೆ.

"ಈಗ ಇಡಿ ಸರ್" ಎಂದ. "ನಿಮ್ ಕೈಗೆ ಏನೂ ಆಗಲ್ಲ."

ಯಾರೋ ಚಪ್ಪಾಳೆ ಶುರು ಮಾಡಿದರು, ಉಳಿದವರು ಸೇರಿಕೊಂಡರು. ಮಾಂತು ಹೂವು ಸರಿಸಿ ಕೈ ಒಳಗಿಟ್ಟ. ಅಚ್ಚು ಇನ್ನೂ ಒದ್ದೆಯಿತ್ತು. ಹಣ್ಣು ನಿಲ್ಲದೆ ಉರುಳುತ್ತಿತ್ತು, ಅವನು ಮತ್ತೆ ಮತ್ತೆ ಇಡುತ್ತಿದ್ದ, ಮಿಥುನ ಬರಿಗಾಲಲ್ಲಿ ಪಕ್ಕದಲ್ಲೇ ಕಾಯುತ್ತ ನಿಂತಿದ್ದ.